ಅವ್ವನ ಟೇಪಿನ ನೂರೈವತ್ತೇಳು

ನನಗೆ ಗಗನ ಅಂತ ಹೆಸರಿಟ್ಟವರಿಗೆ ನಾನು ಅದಕ್ಕೆ ತಕ್ಕ ಹಾಗೆ ಬೆಳೆದುಬಿಡುತ್ತೇನೆ ಅನ್ನುವುದು ಗೊತ್ತಿರಲಿಲ್ಲ. ಹೈಸ್ಕೂಲು ಮುಗಿಸುವ ಹೊತ್ತಿಗೆ ನಮ್ಮೂರು ದುದ್ದದಲ್ಲಿ ನನ್ನ ವಾರಿಗೆಯ ಹುಡುಗಿಯರೆಲ್ಲ ನನ್ನ ಕಿವಿಯ ಮಟ್ಟಕ್ಕೆ ಬರುತ್ತಿದ್ದರು. ಅವ್ವನಿಗೆ ಅದೇ ದೊಡ್ಡ ಚಿಂತೆ. ಯಾರಾದರೂ ನೆಂಟರು ಬಂದರೆ ಸಾಕು, ಹೊಲಿಗೆ ಮಿಷನ್ನಿನ ಮುಂದೆ ಕೂತಲ್ಲಿಂದಲೇ ಪಿಸುಗುಟ್ಟುತ್ತಿದ್ದಳು: "ಬಗ್ಗಮ್ಮಿ, ಒಸಿ ಬಗ್ಗು. ಇಂಗೆ ಗಳ ನೆಟ್ಟಂಗೆ ನಿಂತ್ಕೊಂಡ್ರೆ ನಿಂಗೆ ಗಂಡು ಎಲ್ಲಿಂದ ತರಾನ?"

ಬಗ್ಗಿದೆ. ಬಗ್ಗಿ ಬಗ್ಗಿ ಅಭ್ಯಾಸವಾಯಿತು. ಪಿಯುಸಿಯಲ್ಲಿ ಆಟದ ಮೇಷ್ಟ್ರು ಒಂದು ದಿನ ಅಪ್ಪನನ್ನು ದಾರಿಯಲ್ಲಿ ನಿಲ್ಲಿಸಿ, "ಶಿವಣ್ಣ, ನಿನ್ನ ಮಗಳನ್ನ ಪೊಲೀಸ್‌ಗೆ ಹಾಕಿಸು, ಎತ್ತರ ಇದ್ದಾಳೆ, ಓಡ್ತಾಳೆ" ಅಂದರು. ಅಪ್ಪ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ನಗಾಡಿದ. "ನಮ್ಮನೆ ಎಣ್ಣೈಕ್ಳು ಲಾಠಿ ಇಡ್ಕೊಂಡು ಬೀದಿಲಿ ನಿಂತ್ಕಬೇಕಂತೆ, ಕೇಳ್ದೇನಮ್ಮಿ ಇಂದ್ರ?" ಅವ್ವನೂ ನಕ್ಕಳು. ಅವರಿಬ್ಬರೂ ಅಷ್ಟು ಒಗ್ಗಟ್ಟಾಗಿ ನಕ್ಕಿದ್ದನ್ನು ನಾನು ಅದಕ್ಕಿಂತ ಮುಂಚೆ ನೋಡಿರಲಿಲ್ಲ.

ಅದಾದ ಮೇಲೆ ಮದ್ದೂರಿನ ಸ್ವಾಮಿಗೆ ನನ್ನನ್ನು ಕೊಟ್ಟರು. ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ, ಒಳ್ಳೆಯ ಮನುಷ್ಯ, ನನಗಿಂತ ನಾಲ್ಕು ಬೆರಳು ಗಿಡ್ಡ. ಛತ್ರದಲ್ಲಿ ಫೋಟೋದವನು ಗಂಡಿನ ಕಾಲ ಕೆಳಗೆ ಎರಡು ಮಣೆ ಒಂದರ ಮೇಲೊಂದು ಇಡಿಸಿದ. ಅದೂ ಸಾಲದು ಅನ್ನಿಸಿ ಅವ್ವ ನನ್ನ ಸೆರಗು ಸರಿಮಾಡುವ ನೆಪದಲ್ಲಿ ಬಂದು ಕಿವಿಯಲ್ಲಿ ಹೇಳಿದಳು: "ಮಂಡಿ ಒಸಿ ಬಗ್ಸಮ್ಮಿ, ಸೀರೆ ಒಳ್ಗೆ ಯಾರ್ಗೂ ಕಾಣಕಿಲ್ಲ." ನನ್ನ ಮದುವೆ ಆಲ್ಬಮ್ಮಿನಲ್ಲಿ ನಾನು ಎಲ್ಲ ಫೋಟೋದಲ್ಲೂ ಈಗಷ್ಟೇ ಕೂರಲು ಹೊರಟವಳ ಹಾಗೆ ಕಾಣುತ್ತೇನೆ. ನೋಡಿದವರು ಹುಡುಗಿಗೆ ನಾಚಿಕೆ ಜಾಸ್ತಿ ಅಂತಾರೆ. ನಾಚಿಕೆಯಂತೆ, ನಾಚಿಕೆ!

ಇಷ್ಟು ಯಾಕೆ ಹೇಳಿದೆ ಅಂದರೆ, ಅದೇ ಮನೆಯಲ್ಲಿ, ಅದೇ ಅಪ್ಪ ಅವ್ವ, ನನ್ನ ತಂಗಿ ರಂಜಿತಳ ಉದ್ದವನ್ನು ದಿನಾ ಬೆಳಗ್ಗೆ ಗೋಡೆಗೆ ನಿಲ್ಲಿಸಿ ಅಳೆಯಲು ಶುರುಮಾಡಿದರು.

ಕಾರಣ ಹಿಂದಿನ ಬೀದಿಯ ಜವರಯ್ಯನ ಮೊಮ್ಮಗಳು. ಆ ಹುಡುಗಿ ಪೊಲೀಸ್ ಕಾನ್‌ಸ್ಟೇಬಲ್ ಆಗಿ, ಟ್ರೈನಿಂಗ್ ಮುಗಿಸಿ, ಖಾಕಿ ಹಾಕಿಕೊಂಡು ಸ್ಕೂಟಿಯಲ್ಲಿ ಊರೊಳಗೆ ಬಂದಳು. ಟೀ ಅಂಗಡಿಯಲ್ಲಿ ಕೂತವರು ಎದ್ದು ಜಾಗ ಬಿಟ್ಟರಂತೆ. ಅಪ್ಪ ಅವತ್ತು ಉಂಡ ಮುದ್ದೆ ಅರಗಲಿಲ್ಲ. "ಅವ್ರ ಮನೆ ಎಣ್ಣೇ ಆಯ್ತದೆ ಅಂದ್ರೆ ನಮ್ ರಂಜಿಗೇನಾಗದೆ ದಾಡಿ?" ಅಂತ ಎಲ್ಲರ ಹತ್ತಿರವೂ ಕೇಳಿದ. ನನ್ನ ಹತ್ತಿರವೂ ಫೋನಿನಲ್ಲಿ ಕೇಳಿದ. ಹೂಂ ಅಪ್ಪ, ಏನಾಗಿದೆ, ಏನೂ ಆಗಿಲ್ಲ ಅಂದೆ. ನಾನು ಅಂದಿದ್ದರ ಒಳಗಿನ ಉರಿ ಅವನಿಗೆಲ್ಲಿ ಕೇಳಿಸಬೇಕು.

ರಂಜಿತ ಡಿಗ್ರಿ ಮುಗಿಸಿದ್ದಳು. ಬಿ.ಎಡ್. ಸೀಟು ಸಿಕ್ಕಿತ್ತು, ಅದನ್ನು ಅಪ್ಪ ಬಿಡಿಸಿದ. ಪೊಲೀಸ್ ಆಗುವವಳಿಗೆ ಮೇಷ್ಟ್ರ ಓದು ಯಾಕೆ ಅಂತ ವಾದ. ಮಳವಳ್ಳಿಯ ಕಡೆಯಿಂದ ಒಂದು ಗಂಡು ಬಂದಿತ್ತು, ಹುಡುಗ ತೋಟ ತುಡಿಕೆ ಇರುವವನು, ಮಾತಿಗೆ ಮುಂಚೆ ಕೈಯೆತ್ತುವವನು ಅಂತ ಅವರ ಊರಿನವರೇ ಹೇಳುತ್ತಿದ್ದರು. ಅಪ್ಪ ಅದನ್ನೂ ಪೂರ್ತಿ ಬಿಡಲಿಲ್ಲ, ತಡೆಹಿಡಿದ. ಅವನ ಲೆಕ್ಕಾಚಾರ ಸರಳ: ಕೆಲಸ ಸಿಕ್ಕಿದರೆ ಪೊಲೀಸು, ಸಿಗದಿದ್ದರೆ ಮಳವಳ್ಳಿ. ರಂಜಿತ ನನಗೆ ಹೇಳಿದಳು, "ಅಕ್ಕ, ಇದೊಂದು ಆಯ್ತು ಅಂದ್ರೆ ನಾನು ಬದುಕ್ಕೋತೀನಿ ಕಣಕ್ಕ." ಸುಮ್ಮನೆ ಹೇಳಿದ ಮಾತಲ್ಲ ಅದು, ನನ್ನ ಕೈ ಹಿಡಿದು ಹೇಳಿದಳು.

ಆಮೇಲೆ ಆ ಮನೆಯಲ್ಲಿ ಮಾತೆಲ್ಲ ಅಳತೆಯದೇ. ನಾನು ಒಂಬತ್ತನೇ ಕ್ಲಾಸಿನಲ್ಲಿ ಏಳು ಮೂಲಮಾನಗಳನ್ನು ಬಾಯಿಪಾಠ ಮಾಡಿದ್ದೆ. ಉದ್ದಕ್ಕೆ ಮೀಟರು, ರಾಶಿಗೆ ಕಿಲೋಗ್ರಾಮು, ಕಾಲಕ್ಕೆ ಸೆಕೆಂಡು, ಕರೆಂಟಿಗೆ ಆಂಪಿಯರು, ಬಿಸಿಗೆ ಕೆಲ್ವಿನ್ನು, ಬೆಳಕಿಗೆ ಕ್ಯಾಂಡೆಲಾ, ಕೊನೆಗೊಂದು ಮೋಲು. ಮೋಲು ಯಾತಕ್ಕೆ ಅನ್ನುವುದು ನನಗೆ ಆಗಲೂ ಅರ್ಥವಾಗಿರಲಿಲ್ಲ. ವಿಜ್ಞಾನದ ಮೇಷ್ಟ್ರು ಹೇಳುತ್ತಿದ್ದರು: ಮೀಟರು ಅನ್ನುವುದು ಯಾರ ಮನೆಯ ಸ್ವತ್ತೂ ಅಲ್ಲ, ದುದ್ದದಲ್ಲಿ ಎಷ್ಟೋ ಪ್ಯಾರಿಸ್ಸಿನಲ್ಲೂ ಅಷ್ಟೇ, ಹಿಂದೆ ಅದಕ್ಕೊಂದು ಲೋಹದ ಸರಳು ಇಟ್ಟಿದ್ದರು, ಈಗ ಬೆಳಕು ಓಡುವ ದೂರದಿಂದ ಲೆಕ್ಕ ಹಾಕುತ್ತಾರೆ ಅಂತ. ನಾನು ಎದ್ದು ನಿಂತು ಏಳನ್ನೂ ಒಪ್ಪಿಸಿದಾಗ ಶಭಾಷ್ ಅಂದಿದ್ದರು. ಆ ಶಭಾಷ್ ತಗೊಂಡು ಒಲೆಗೆ ಹಾಕಿದೆ, ಇನ್ನೇನು ಮಾಡಲಿ.

ಆ ಏಳರಲ್ಲಿ ಮೂರು ಈಗ ನಮ್ಮ ಮನೆಗೆ ಬಂದು ಕೂತಿದ್ದವು. ನಾನೂರು ಮೀಟರ್ ಓಟವನ್ನು ಅಪ್ಪ ಶಾಲೆಯ ಮೈದಾನದಲ್ಲಿ ಮೊಬೈಲ್ ಹಿಡಿದು ಸೆಕೆಂಡಿನಲ್ಲಿ ಅಳೆಯುತ್ತಿದ್ದ. ನಾಲ್ಕು ಕಿಲೋ ಕಬ್ಬಿಣದ ಗುಂಡನ್ನು ನಮ್ಮ ಅಂಗಡಿಯ ತಕ್ಕಡಿಯಲ್ಲಿ ತೂಗಿ ನಾನೇ ಕಳಿಸಿದ್ದೆ. ರಂಜಿತಳ ತೂಕ ನಲವತ್ತೈದಕ್ಕೆ ಇಳಿಯಬಾರದು ಅಂತ ಅವ್ವ ದಿನಾ ಎರಡು ಮೊಟ್ಟೆ ಬೇಯಿಸುತ್ತಿದ್ದಳು. ನನಗೆ ಆ ಮನೆಯಲ್ಲಿ ಮೊಟ್ಟೆ ಬೇಯಿಸಿದ್ದು ನೆನಪಿಲ್ಲ, ಇರಲಿ ಬಿಡಿ.

ಇನ್ನು ಎತ್ತರ. ಹೆಣ್ಣುಮಕ್ಕಳಿಗೆ ನೂರೈವತ್ತೇಳು ಸೆಂಟಿಮೀಟರ್ ಇರಬೇಕು ಅಂತ ಗೊತ್ತಾದ ದಿನವೇ ಅವ್ವ ಕೊರಳಲ್ಲಿದ್ದ ಟೇಪನ್ನು ಎಳೆದುಕೊಂಡು ರಂಜಿತಳನ್ನು ಗೋಡೆಗೆ ನಿಲ್ಲಿಸಿದಳು. ಅವ್ವ ಇಂದ್ರಮ್ಮ ಅಂದರೆ ದುದ್ದದ ಅರ್ಧ ಊರಿನ ರವಿಕೆ ಹೊಲಿಯುವವಳು. ಅವಳ ಟೇಪು ಅವಳ ತಾಳಿಗಿಂತ ಹೆಚ್ಚು ಹೊತ್ತು ಕೊರಳಲ್ಲಿ ಕಾಣುತ್ತದೆ. ಮಾಮೂಲಿಗಿಂತ ಉದ್ದದ, ಎರಡು ಮೀಟರಿನ ಟೇಪು; ಹಳದಿ ಬಣ್ಣ ಮಾಸಿ ಹೋಗಿದೆ, ತುದಿಗೆ ಒಂದು ಕೆಂಪು ಬಟ್ಟೆ ಸುತ್ತಿ ಅಚ್ಚುಕಟ್ಟಾಗಿ ಹೊಲಿದಿದ್ದಾಳೆ. ಆ ಕೆಂಪು ತುದಿಯನ್ನು ಹಿಮ್ಮಡಿಯಲ್ಲಿ ಒತ್ತಿ, ರಂಜಿತಳ ತಲೆಯ ಮೇಲೆ ಸ್ಕೇಲು ಮಲಗಿಸಿ, ಅಪ್ಪ ಓದಿದ: "ನೂರೈವತ್ತೇಳೂವರೆ!" ಅವ್ವ ಗೋಡೆಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದಳು. ನಾನು ಅವತ್ತು ಊರಿಗೆ ಬಂದಿದ್ದೆ, ಬಾಗಿಲ ಬಳಿ ನಿಂತು ನೋಡುತ್ತಿದ್ದೆ.

"ಅರ್ಧ ಎಚ್ಚಿಗೇ ಐತೆ ಕಣ್ರೀ" ಅಂತ ಅವ್ವ ಹಿಗ್ಗಿದಳು. "ನನ್ ಮಗ್ಳು ಏನ್ ಗಿಡ್ಡಾನಾ?" ಆಮೇಲೆ ರಂಜಿತಳ ಬೆನ್ನಿಗೆ ಒಂದು ಏಟು ಕೊಟ್ಟು, "ನೆಟ್ಗೆ ನಿಂತ್ಕೊಳೋದ ಕಲ್ತ್ಕೊ" ಅಂದಳು.

ನೆಟ್ಗೆ ನಿಂತ್ಕೊ. ಆ ಮಾತು ಅವಳ ಬಾಯಲ್ಲಿ ಬಂತು ಅನ್ನುವುದನ್ನೇ ನನಗೆ ನಂಬಲು ಆಗಲಿಲ್ಲ. ತಂಗಿಯ ಮೇಲೆ ಹೊಟ್ಟೆಕಿಚ್ಚೇ ಅಂತ ಕೇಳಿದರೆ ಹೌದು, ಒಂದು ಕ್ಷಣ ಹೌದು. ನನ್ನಲ್ಲಿ ದೋಷವಾಗಿದ್ದದ್ದು ಅವಳಲ್ಲಿ ಭಾಗ್ಯವಾಗಿತ್ತು. ಆದರೆ ಅವಳು ತಿರುಗಿ ನನ್ನನ್ನು ನೋಡಿ ನಕ್ಕ ನಗೆ ಇತ್ತಲ್ಲ, ಅದಕ್ಕೆ ನನ್ನ ಕಿಚ್ಚು ತಣ್ಣಗಾಯಿತು. ಇವಳಾದರೂ ಬದುಕಿಕೊಳ್ಳಲಿ ಅಂದುಕೊಂಡೆ.

ರಂಜಿತ ಲಿಖಿತ ಪರೀಕ್ಷೆ ಪಾಸು ಮಾಡಿದಳು. ದೈಹಿಕ ಪರೀಕ್ಷೆಗೆ ಮಂಡ್ಯದಲ್ಲಿ ಮೈದಾನಕ್ಕೆ ಕರೆ ಬಂತು. ಅಪ್ಪನ ಕಬ್ಬಿಗೆ ಅವತ್ತೇ ಕಟಾವು, ಆದ್ದರಿಂದ ನಾನು ಮದ್ದೂರಿನಿಂದ ಬಸ್ಸು ಹತ್ತಿ ಅವಳ ಜೊತೆಗೆ ಹೋದೆ. ಗೇಟಿನ ಒಳಗೆ ನಮ್ಮಂಥವರನ್ನು ಬಿಡುವುದಿಲ್ಲ. ಹೊರಗೆ ಹೊಂಗೆ ಮರದ ಕೆಳಗೆ ಇನ್ನಷ್ಟು ಅಪ್ಪಂದಿರು, ಅಣ್ಣಂದಿರ ಜೊತೆ ನಿಂತೆ. ಕಾಂಪೌಂಡಿನ ಮೇಲಿಂದ ಇಣುಕಿ ನೋಡುತ್ತಿದ್ದ ಗಂಡಸರ ಪಕ್ಕ ನಾನೂ ನಿಂತು ನೋಡಿದೆ, ಅವರಷ್ಟೇ ಚೆನ್ನಾಗಿ ಕಾಣುತ್ತಿತ್ತು. ನನ್ನುದ್ದ ಉಪಯೋಗಕ್ಕೆ ಬಂದದ್ದು ಅದೊಂದು ಸಲ.

ನನ್ನ ತಂಗಿ ಓಡಿದಳು ನೋಡಿ! ಅವಳ ಗುಂಪಿನಲ್ಲಿ ಅವಳೇ ಮೊದಲು. ಗುಂಡು ಎಸೆದಾಗ ಗೆರೆ ದಾಟಿ ಎಷ್ಟೋ ಆಚೆ ಬಿತ್ತು. ಪಕ್ಕದಲ್ಲಿದ್ದ ಯಾರೋ ಯಜಮಾನರು, "ಯಾರ ಮನೆ ಹುಡುಗಿನೋ, ಗಟ್ಟಿಗಿತ್ತಿ" ಅಂದರು. ನಮ್ಮನೆ ಹುಡುಗಿ ಅಂತ ನಾನು ಕೂಗಿಯೇ ಹೇಳಿದೆ. ಕೊನೆಗೆ ಅವರನ್ನೆಲ್ಲ ಎತ್ತರ ಅಳೆಯುವ ಶಾಮಿಯಾನದ ಒಳಗೆ ಕರೆದುಕೊಂಡು ಹೋದರು. ಇನ್ನೇನು ಆಯಿತು ಅಂತ ನಾನು ಮನೆಗೆ ಫೋನ್ ಮಾಡಿ, ಎಲ್ಲಾ ಚೆನ್ನಾಗಾಯ್ತು ಅಂದುಬಿಟ್ಟೆ. ಅವ್ವ ಫೋನಿನಲ್ಲೇ ದೇವರಿಗೆ ಕೈಮುಗಿದಳೇನೋ, ಬಳೆ ಸದ್ದು ಕೇಳಿಸಿತು.

ಸ್ವಲ್ಪ ಹೊತ್ತಿಗೆ ರಂಜಿತ ಹೊರಗೆ ಬಂದಳು. ಒಬ್ಬಳೇ ಬಂದಳು, ಉಳಿದವರು ಇನ್ನೂ ಒಳಗಿದ್ದರು. ಶೂ ಬಿಚ್ಚಿ ಕೈಯಲ್ಲಿ ಹಿಡಿದಿದ್ದಳು. ಅವಳೇ ಹೇಳಿದಳು: "ನೂರೈವತ್ತಾರಂತೆ ಅಕ್ಕ."

"ಸರಿಯಾಗಿ ನಿಂತ್ಕೊಂಡಿದ್ದೇನಮ್ಮಿ?"

"ಎರಡ್ಸಲ ನಿಲ್ಸುದ್ರು. ಮೇಡಂ ಒಳ್ಳೇವ್ರೇ ಪಾಪ, ಇನ್ನೊಂದ್ಸಲ ನೋಡಾನ ಬಾ ಅಂದ್ರು. ಎರಡ್ಸಲಾನೂ ನೂರೈವತ್ತಾರು. ಮನೇಲಿ ಅಳ್ದಾಗ ನೂರೈವತ್ತೇಳೂವರೆ ಇತ್ತು ಮೇಡಂ ಅಂದೆ. ಯಾರು ಅಳ್ದಿದ್ದು ಅಂದ್ರು. ನಮ್ಮವ್ವ ಅಂದೆ." ಶೂವಿನ ಲೇಸನ್ನು ಬೆರಳಿಗೆ ಸುತ್ತಿಕೊಂಡಳು. "ಲೈನಲ್ಲಿ ನಿಂತಿದ್ದೋರೆಲ್ಲ ನಕ್ಬುಟ್ರು ಕಣಕ್ಕ."

ನಾನು ಅವಳ ತಲೆಯನ್ನು ನನ್ನ ಎದೆಗೆ ಒತ್ತಿಕೊಂಡೆ. ಬೇರೆ ಯಾವುದರಲ್ಲಿ ಕಮ್ಮಿಯಾಗಿದ್ದರೂ ಇನ್ನೊಂದು ವರ್ಷ ಬೆವರು ಸುರಿಸಿ ಸರಿಮಾಡಿಕೊಳ್ಳಬಹುದಿತ್ತು. ಓಟ ಕಮ್ಮಿಯಾದರೆ ಓಡಬಹುದು, ತೂಕ ಕಮ್ಮಿಯಾದರೆ ತಿನ್ನಬಹುದು. ಇಪ್ಪತ್ತೆರಡರ ಹುಡುಗಿ ಒಂದು ಸೆಂಟಿಮೀಟರನ್ನು ಎಲ್ಲಿಂದ ತರುತ್ತಾಳೆ?

ಮನೆಗೆ ಹೋದರೆ ಅಪ್ಪನಿಗೆ ನಂಬಿಕೆಯೇ ಇಲ್ಲ. ಅಲ್ಲಿ ಮೋಸ ಆಗಿದೆ, ನಮ್ಮ ಹುಡುಗಿ ಜಾಗಕ್ಕೆ ಬೇರೆ ಯಾರನ್ನೋ ತೂರಿಸಿದ್ದಾರೆ, ಅವರ ಸ್ಕೇಲೇ ಸರಿ ಇಲ್ಲ ಅಂತ ಹಾರಾಡಿದ. ಅವ್ವ ಟೇಪನ್ನು ಮುಷ್ಟಿಯಲ್ಲಿ ಹಿಡಿದು, "ನಾಳಿಕ್ಕೆ ನಾನೇ ಓಯ್ತೀನಿ, ಅವ್ರ ಮುಂದ್ಗಡೆನೇ ಅಳ್ದು ತೋರುಸ್ತೀನಿ" ಅಂದಳು. ರಂಜಿತ ಮಾತ್ರ ಗೋಡೆಯ ಮೇಲಿನ ಸೀಮೆಸುಣ್ಣದ ಗೆರೆಯನ್ನೇ ನೋಡುತ್ತಾ ಕೂತಿದ್ದಳು. ನಾನು ಮದ್ದೂರಿಗೆ ಹೊರಟಾಗ ಬಸ್‌ಸ್ಟಾಪಿನ ತನಕ ಬಂದು ಅಂದಳು: "ಅಕ್ಕ, ಬಾವನ ಅಂಗ್ಡಿಯಿಂದ ಗಾರೆ ಕೆಲ್ಸದೋರ ಸ್ಟೀಲ್ ಟೇಪು ಒಂದು ತಗಂಡು ಬಾ."

ಆ ಟೇಪುಗಳು ನಮ್ಮ ಅಂಗಡಿಯಲ್ಲಿ ನಟ್ಟು ಬೋಲ್ಟಿನ ಡಬ್ಬಿಗಳ ಮೇಲೆ ಸಾಲಾಗಿ ತೂಗುಬಿದ್ದಿರುತ್ತವೆ. ಭಾನುವಾರ ಒಂದನ್ನು ಬ್ಯಾಗಿಗೆ ಹಾಕಿಕೊಂಡು ಹೋದೆ. ಅವ್ವ ಬಟ್ಟೆ ಕತ್ತರಿಸುವ ಹಲಗೆಯ ಮೇಲೆ ಸ್ಟೀಲ್ ಟೇಪನ್ನು ಎಳೆದು ಮಲಗಿಸಿದೆ. ಅದರ ಪಕ್ಕದಲ್ಲೇ ಅವ್ವನ ಟೇಪನ್ನು ತುದಿಗೆ ತುದಿ ಸೇರಿಸಿ ಮಲಗಿಸಿದೆ. ಸ್ಟೀಲಿನದರಲ್ಲಿ ಐವತ್ತು ಇರುವ ಕಡೆ ಅವ್ವನದರಲ್ಲಿ ಐವತ್ತೊಂದೂವರೆ. ನೂರು ಇರುವ ಕಡೆ ನೂರಾ ಒಂದೂವರೆ.

ರಂಜಿತ ಹಲ್ಲು ಕಚ್ಚಿಕೊಂಡು ಬ್ಲೇಡು ತಗೊಂಡಳು. ಟೇಪಿನ ತುದಿಯ ಕೆಂಪು ಬಟ್ಟೆಯ ಹೊಲಿಗೆ ಬಿಚ್ಚಿದಳು. ಒಳಗೆ ತಗಡಿನ ತುದಿಯೇ ಇಲ್ಲ. ಒಂದು ಅನ್ನುವ ಅಂಕಿಯೂ ಇಲ್ಲ. ಒಂದು ಬೆರಳಗಲ ಟೇಪನ್ನು ಯಾರೋ ಕತ್ತರಿಯಲ್ಲಿ ನೀಟಾಗಿ ಕತ್ತರಿಸಿದ್ದರು.

"ಯಾರವ್ವ ಇದ್ನ ಕತ್ರಿಸ್ದೋರು?" ಅಂದೆ.

ಅವ್ವ ಮಿಷನ್ನಿನ ಪೆಡಲು ನಿಲ್ಲಿಸಲಿಲ್ಲ. "ನಾನೇ ಕಣಮ್ಮಿ. ಅದ್ಯಾವ್ ಕಾಲ್ದಲ್ಲೋ. ತಗ್ಡು ತುಕ್ಕಿಡ್ದು ಯಾರ್ದೋ ರೇಸ್ಮೆ ಸೀರೆ ಎಳೆ ಕಿತ್ಬುಡ್ತು. ತುದಿ ಕತ್ರಿಸಿ ಬಟ್ಟೆ ಸುತ್ದೆ. ಅದ್ಕೇನೀಗ?"

"ಅದ್ಕೇನೀಗಾ? ಅವ್ವ, ಈ ಟೇಪು ಒಂದೂವರೆ ಸೆಂಟಿಮೀಟರ್ ಸುಳ್ಳು ಹೇಳ್ತದೆ!"

ಅವ್ವ ಎದ್ದುಬಿಟ್ಟಳು. ಅವಳಿಗೆ ಆ ಮಾತು ಮಗಳ ಕೆಲಸ ಹೋದದ್ದಕ್ಕಿಂತ ಜೋರಾಗಿ ತಾಗಿತು. "ಏನಂದೆ? ನನ್ ಟೇಪು ಸುಳ್ಳೇಳದಾ? ಅಂಗಾರೆ ದುದ್ದದ ಎಂಗಸ್ರ ರವ್ಕೆ ಎಂಗಮ್ಮಿ ಸರಿಗಾಯ್ತಿದ್ವು? ಇಂದ್ರಮ್ಮ ಒಲ್ದಿದ್ದು ಬಿಗಿಯಾಯ್ತು, ಸಡ್ಲಾಯ್ತು ಅಂತ ಒಬ್ಳಾದ್ರೂ ವಾಪಸ್ ತಂದವ್ಳಾ? ಕೇಳ್ಕಂಡು ಬಾ ಓಗು!"

ಅದು ನಿಜ. ಒಬ್ಬಳೂ ತಂದಿರಲಿಲ್ಲ. ಹೇಗೆ ತರುತ್ತಾರೆ? ಮೈಯನ್ನೂ ಅದೇ ಟೇಪಿನಲ್ಲಿ ಅಳೆದಳು, ಬಟ್ಟೆಯನ್ನೂ ಅದೇ ಟೇಪಿನಲ್ಲಿ ಅಳೆದಳು. ಮೈಗೂ ಒಂದೂವರೆ ಸುಳ್ಳು, ಬಟ್ಟೆಗೂ ಒಂದೂವರೆ ಸುಳ್ಳು, ರವಿಕೆ ಮೈಗೆ ಸರಿಯಾಗಿ ಕೂತಿತು. ಊರೊಳಗೆ ಇರುವ ತನಕ ಆ ಸುಳ್ಳಿಗೆ ಒಂದು ಕೊರತೆಯೂ ಇರಲಿಲ್ಲ. ಮಂಡ್ಯದ ಮೈದಾನದಲ್ಲಿ ಅವ್ವನ ಟೇಪು ಇರಲಿಲ್ಲ, ಮೇಷ್ಟ್ರು ಹೇಳಿದ್ದ ಮೀಟರು ಇತ್ತು, ಅಷ್ಟೇ. ಇದನ್ನು ಬಿಡಿಸಿ ಬಿಡಿಸಿ ಹೇಳಿದೆ. ಅವ್ವ ಕೇಳುತ್ತಾ ಕೇಳುತ್ತಾ ಕೂತಳು. ಅರ್ಥವಾಯಿತು ಅನ್ನುವುದು ಅವಳ ಮುಖದಲ್ಲಿ ಕಂಡಿತು. ಆದರೆ ಬಾಯಲ್ಲಿ ಬಂದದ್ದು, "ನಾನೇನು ಬೇಕಂತ ಮಾಡ್ದೆನಾ" ಅಂತ ಮಾತ್ರ.

ರಂಜಿತ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. "ಮೊದ್ಲೇ ಗೊತ್ತಾಗಿದ್ರೆ ಬಿ.ಎಡ್. ಮಾಡ್ತಿದ್ದೆ ಕಣವ್ವ" ಅಂದಳು, ಅಷ್ಟೇ.

ಆ ಹೊತ್ತಿಗೆ ಸರಿಯಾಗಿ ಜಗುಲಿಯಲ್ಲಿ ಅಪ್ಪನ ದನಿ ಕೇಳಿಸಿತು. ಫೋನಿನಲ್ಲಿ ಮಳವಳ್ಳಿಯವರ ಜೊತೆ ಮಾತಾಡುತ್ತಿದ್ದ. ಅಪ್ಪನ ಫೋನು ಗೊತ್ತಲ್ಲ, ಇಡೀ ಬೀದಿಗೆ ಕೇಳಿಸುತ್ತದೆ. "ಊ ಕಣಣ್ಣ, ಮುಂದಿನ್ ವಾರವೇ ಬನ್ನಿ. ಪೊಲೀಸು ಗಿಲೀಸು ಎಲ್ಲ ಬ್ಯಾಡ ಅಂತ ನಾವೇ ಬುಟ್ಬುಟ್ಟೊ... ಉದ್ದ್ವಾ? ಏ, ಒಳ್ಳೆ ಉದ್ದ ಅವ್ಳೆ ಬುಡಣ್ಣ. ಐದಡಿ ಎರಡಿಂಚು. ಮನೇಲೇ ಅಳ್ದಿವಲ್ಲ, ಗೋಡೆ ಮ್ಯಾಲೆ ಗೆರೆನೇ ಐತೆ!"

ರಂಜಿತ ನಗಲು ಶುರುಮಾಡಿದಳು. ಥೂ, ಎಂಥ ಮನೆ ಇದು, ಸರ್ಕಾರಕ್ಕೆ ನಡೆಯದ ಟೇಪು ಗಂಡಿಗೆ ನಡೆಯುತ್ತದೆ ಅಂತ ಹೊರಗೆ ಹೋಗಿ ಅಪ್ಪನ ಕೈಯಿಂದ ಫೋನು ಕಿತ್ತುಕೊಳ್ಳಬೇಕು ಅನ್ನಿಸಿತು. ಎರಡು ಹೆಜ್ಜೆ ಇಟ್ಟೆ. ರಂಜಿತ ನನ್ನ ರಟ್ಟೆ ಹಿಡಿದು ಎಳೆದಳು.

"ಅಲ್ಲಿಗೋಗಿ ಏನ್ಮಾಡ್ತೀಯ? ನೀನ್ ಬಾ ಇಲ್ಲಿ, ನಿಂತ್ಕೊ."

"ಎಲ್ಲಿ?"

"ಗೋಡೆಗೆ."

ಅವಳ ಗೆರೆ ಇದ್ದ ಜಾಗದಲ್ಲೇ ಗೋಡೆಗೆ ಒರಗಿ ನಿಂತೆ. ನಿಂತ ಕೂಡಲೇ ಭುಜ ತಾನಾಗೇ ಮುಂದಕ್ಕೆ ಬಂತು, ಕತ್ತು ಇಳಿಯಿತು. ರಂಜಿತ ಒಂದು ಅಂಗೈಯನ್ನು ನನ್ನ ಎದೆಯ ಮೇಲೆ, ಇನ್ನೊಂದನ್ನು ಗದ್ದದ ಕೆಳಗೆ ಇಟ್ಟು ಗೋಡೆಗೆ ಒತ್ತಿದಳು. "ನೆಟ್ಗೆ ನಿಂತ್ಕೊ ಅಕ್ಕ!" ಬೆನ್ನುಮೂಳೆ ಎಲ್ಲೆಲ್ಲೋ ಲಟಕ್ಕೆಂದಿತು. ನೋವಾಯಿತು. ಕಣ್ಣಲ್ಲಿ ನೀರೇ ಬಂತು. ಅವಳು ಸ್ಟೂಲು ಹತ್ತಿ ತಲೆಯ ಮೇಲೆ ಸ್ಕೇಲು ಮಲಗಿಸಿ, ಸ್ಟೀಲ್ ಟೇಪನ್ನು ನೆಲದಿಂದ ಎಳೆದು ಓದಿದಳು.

"ನೂರರವತ್ನಾಲ್ಕು."

ಮಿಷನ್ನಿನ ಸದ್ದು ನಿಂತಿತು. ಅವ್ವ ಈ ಕಡೆ ತಿರುಗಿ ನೋಡುತ್ತಿದ್ದಳು. ತನ್ನ ಹೊಟ್ಟೆಯಲ್ಲಿ ಹುಟ್ಟಿದವಳ ಉದ್ದ ಅವಳಿಗೆ ಗೊತ್ತಾದದ್ದು ಅವತ್ತೇ ಮೊದಲು. ಸೊಂಟ ಎಷ್ಟು, ಎದೆ ಎಷ್ಟು, ತೋಳು ಎಷ್ಟು ಎಲ್ಲ ಅಳೆದು ರವಿಕೆ ಹೊಲಿದು ಕೊಟ್ಟವಳು, ನನ್ನನ್ನು ತಲೆಯಿಂದ ಕಾಲಿನ ತನಕ ಒಂದು ದಿನವೂ ಅಳೆದಿರಲಿಲ್ಲ. ಅಳೆಯುವ ಮೊದಲೇ ಹೆಚ್ಚಾಯಿತು ಅಂತ ತೀರ್ಮಾನ ಮಾಡಿದ್ದರು.

ರಂಜಿತ ಸ್ಟೂಲಿನಿಂದ ಇಳಿದಳು. ಟೇಪು ಸುರ್ರನೆ ಒಳಗೆ ಹೋಯಿತು. ಅವಳ ಮುಖ ಕೋಪದಲ್ಲಿ ಕೆಂಪಾಗಿತ್ತು, ಮತ್ತು ಆ ಕೋಪ ಅವ್ವನ ಮೇಲಲ್ಲ, ಅಪ್ಪನ ಮೇಲಲ್ಲ, ನನ್ನ ಮೇಲೆ.

"ಏಳು ಸೆಂಟಿಮೀಟರ್ ಎಚ್ಗೆ ಐತಲ್ಲಕ್ಕ ನಿಂಗೆ. ನಂಗೆ ಒಂದು ಸಾಕಿತ್ತು, ಒಂದು. ಏನ್ಮಾಡ್ದೆ ನೀನು ಇಷ್ಟುನ್ನೂ ಮಡೀಕ್ಕಂಡು? ಯೋಳು, ಏನ್ಮಾಡ್ದೆ?"

ಅಪ್ಪ ಹೊರಗೆ ಇನ್ನೂ ಮಾತಾಡುತ್ತಲೇ ಇದ್ದ, ಬರುವವರು ಎಷ್ಟು ಜನ, ಊಟಕ್ಕೋ ತಿಂಡಿಗೋ ಅಂತ ಕೇಳುತ್ತಿದ್ದ. ನಾನು ಗೋಡೆ ಬಿಟ್ಟು ಈಚೆಗೆ ಬಂದೆ.

ಅವ್ವ ಎದ್ದು ಬಂದಳು. ಏನಾದರೂ ಹೇಳುತ್ತಾಳೇನೋ ಅಂದುಕೊಂಡೆ. ಅವಳು ನನ್ನ ಬೆನ್ನ ಹಿಂದೆ ನಿಂತು, "ಸುಣ್ಣ ಎಲ್ಲ ಅಂಟ್ಕಂಡದೆ, ಒಳ್ಳೆ ಸೀರೆ" ಅನ್ನುತ್ತಾ ಸೆರಗಿನಿಂದ ಒದರಲು ಶುರುಮಾಡಿದಳು. ಸೊಂಟ ಒದರಿದಳು, ಬೆನ್ನು ಒದರಿದಳು. ಹೊಲಿದು ಹೊಲಿದು ಹಿಡಿದುಕೊಂಡ ಅವಳ ತೋಳು ನನ್ನ ಭುಜದ ತನಕ ಏರಲಿಲ್ಲ.

"ಒಸಿ ಬಗ್ಗಮ್ಮಿ" ಅಂದಳು.

ಅವಳು ಆ ಮಾತು ಮುಗಿಸುವ ಮೊದಲೇ ನನ್ನ ಬೆನ್ನು ಬಗ್ಗಿತ್ತು.